ಬಸ್ಸಿಗೆ ಒತ್ತು, ಫೋನಿಗೇಕಿಲ್ಲ?

ಇಂಗ್ಲಿಷಿನ ಬಸ್ ಕನ್ನಡಿಗರ ಬಾಯಿಗೆ ಬಂದದ್ದೇ ಬಸ್ಸು ಆಯಿತು. ಪೆನ್ ಪೆನ್ನಾಯಿತು, ಮಗ್ ಮಗ್ಗಾಯಿತು, ಪಿನ್ ಪಿನ್ನಾಯಿತು. ಆದರೆ ಕೋಟ್ ಬರೀ ಕೋಟು, ಫೋನ್ ಬರೀ ಫೋನು, ರೈಲ್ ಬರೀ ರೈಲು. ಕೋಟ್ಟು, ಫೋನ್ನು ಎಂದು ಯಾವ ಊರಿನ ಅಜ್ಜಿಯೂ ಹೇಳಿದ್ದಿಲ್ಲ. ಇದನ್ನು ತೀರ್ಮಾನಿಸಲು ಯಾವ ಪ್ರಾಧಿಕಾರವೂ ಸಭೆ ಸೇರಿಲ್ಲ, ಯಾವ ಮೇಷ್ಟ್ರೂ ಪಾಠ ಮಾಡಿಲ್ಲ. ಆದರೂ ಎಲ್ಲರೂ ಒತ್ತನ್ನು ಒಂದೇ ಕಡೆ ಹಾಕುತ್ತಾರೆ, ಒಂದೇ ಕಡೆ ಬಿಡುತ್ತಾರೆ.

ಹಿಂದಿನ ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿಯಾಗುತ್ತದೆ, ದೀರ್ಘವಾದರೆ ಇಲ್ಲ. ಇದು ಇಂಗ್ಲಿಷಿನವರು ಬಂದ ಮೇಲೆ ಹುಟ್ಟಿದ ನಿಯಮವೂ ಅಲ್ಲ. ಹಳಗನ್ನಡದಲ್ಲಿ ವ್ಯಂಜನದಲ್ಲೇ ನಿಲ್ಲುತ್ತಿದ್ದ ಕಣ್, ಕಲ್, ಮಣ್ ಮುಂದೆ ಕಣ್ಣು, ಕಲ್ಲು, ಮಣ್ಣು ಆದವು. ಕಾಲ್, ನೂಲ್, ಮೀನ್ ಮಾತ್ರ ಕಾಲು, ನೂಲು, ಮೀನು ಎಂದಷ್ಟೇ ಆದವು. ಶತಮಾನಗಳ ಹಿಂದೆ ಕಣ್ಣಿಗೆ ಒತ್ತು ಕೊಟ್ಟ ನಿಯಮವೇ ಮೊನ್ನೆ ಮೊನ್ನೆ ಬಂದ ಪೆನ್ನಿಗೂ ಒತ್ತು ಕೊಟ್ಟಿದೆ.

ಇಲ್ಲಿಗೆ ಮುಗಿಯಿತು ಎಂದುಕೊಂಡರೆ ಮೀಟರು, ಲೀಟರು ಅಡ್ಡ ಬರುತ್ತವೆ. ಅಲ್ಲಿ ‘ರ’ದ ಹಿಂದಿನ ಸ್ವರ ಹ್ರಸ್ವ, ಆದರೂ ಮೀಟರ್ರು ಅನ್ನುವುದಿಲ್ಲ. ಹಾಗಾದರೆ ‘ರ’ಕ್ಕೆ ಇಮ್ಮಡಿ ಆಗದೇ? ಇನ್ನೊಂದು ತೊಡಕು: ಬಾಗಿಲ್ ಎಂಬ ಹಳೆಯ ಪದ ಬಾಗಿಲು ಆಯಿತು, ಬಾಗಿಲ್ಲು ಆಗಲಿಲ್ಲ, ಸೈಕಲ್ ಮಾತ್ರ ಸೈಕಲ್ಲು ಆಯಿತು. ಎರಡರಲ್ಲೂ ‘ಲ’ದ ಹಿಂದಿರುವುದು ಹ್ರಸ್ವವೇ. ಹಾಗಾದರೆ ಮೊದಲು ಬರೆದ ನಿಯಮವನ್ನು ಎಲ್ಲಿ ತಿದ್ದಬೇಕು? ಪದದ ಉದ್ದ ನೋಡಬೇಕೋ, ಅದು ಎರವಲೋ ಸ್ವಂತದ್ದೋ ಎಂದು ನೋಡಬೇಕೋ?

ಹೀಗೆ ನಿಯಮ ಕಟ್ಟುವುದು, ಅದಕ್ಕೆ ಅಡ್ಡ ಬರುವ ಪದ ಹುಡುಕುವುದು, ಮತ್ತೆ ನಿಯಮ ತಿದ್ದುವುದು. ಭಾಷಾವಿಜ್ಞಾನವನ್ನು ಪದವಿಯಲ್ಲಿ ಮುಖ್ಯ ವಿಷಯವಾಗಿ ಓದುವವರು ಮೂರ್ನಾಲ್ಕು ವರ್ಷ ಮಾಡುವ ಕೆಲಸ ಬಹುಪಾಲು ಇದೇ. ‘ಹಾಗಾದರೆ ನಿನಗೆ ಎಷ್ಟು ಭಾಷೆ ಬರುತ್ತೆ?’ ಎಂಬುದು ಅವರನ್ನು ನೆಂಟರಿಷ್ಟರು ಕೇಳುವ ಮೊದಲ ಪ್ರಶ್ನೆ. ಒಂದೇ ಭಾಷೆ ಬಂದರೂ ಸಾಕು. ಆ ಒಂದರಲ್ಲಿ ಏನೇನು ಗೊತ್ತಿದೆ, ಅದು ಹೇಗೆ ಗೊತ್ತಾಯಿತು ಎಂದು ಕೇಳುವ ವಿಷಯ ಇದು. ಕರ್ನಾಟಕದ ಹುಡುಗ ಹುಡುಗಿಯರಿಗೆ ಇದಕ್ಕೆ ಬೇಕಾದ ಸಾಮಗ್ರಿ ಮನೆಯಲ್ಲೇ, ಬೀದಿಯಲ್ಲೇ ಬಿದ್ದಿದೆ. ಸಿಗದಿರುವುದು ಅದನ್ನು ಹದಿನೆಂಟರ ವಯಸ್ಸಿನಲ್ಲಿ ಓದಲು ಕೂರಿಸುವ ತರಗತಿ.

ಭಾಷಾವಿಜ್ಞಾನದ ಪದವಿ ಎಲ್ಲೇ ಇರಲಿ, ಮೊದಲ ವರ್ಷದಲ್ಲಿ ಸಾಮಾನ್ಯವಾಗಿ ಧ್ವನಿವಿಜ್ಞಾನ ಇರುತ್ತದೆ. ತರಗತಿಯಲ್ಲಿ ಎಲ್ಲರೂ ಬಾಯಿ ಬಿಟ್ಟು, ನಾಲಿಗೆ ಎಲ್ಲಿ ಮುಟ್ಟಿತು ಎಂದು ಗಮನಿಸುತ್ತಾ ಕೂರುವ ಪಾಠ ಇದು. ಕಿಟಕಿಯ ಹೊರಗಿನಿಂದ ನೋಡುವವರಿಗೆ ನಗು ಬರಬಹುದು. ಓದುಗರೂ ಕೂತಲ್ಲೇ ಪರೀಕ್ಷಿಸಬಹುದು. ಅಂಕ, ಅಂಚು, ಅಂಟು, ಅಂದ, ಅಂಬು ಎಂಬ ಐದು ಪದಗಳನ್ನು ನಿಧಾನವಾಗಿ ಹೇಳಿ, ಸೊನ್ನೆಯ ಜಾಗದಲ್ಲಿ ಒಂದು ಕ್ಷಣ ತಡೆಯಿರಿ. ಮೊದಲನೆಯದರಲ್ಲಿ ನಾಲಿಗೆಯ ಹಿಂಭಾಗ ಮೇಲೆದ್ದಿರುತ್ತದೆ, ಎರಡನೆಯದರಲ್ಲಿ ನಡುಭಾಗ ಅಂಗುಳಕ್ಕೆ ಒತ್ತಿರುತ್ತದೆ, ಮೂರನೆಯದರಲ್ಲಿ ತುದಿ ಮಡಚಿಕೊಂಡಿರುತ್ತದೆ, ನಾಲ್ಕನೆಯದರಲ್ಲಿ ಹಲ್ಲಿಗೆ ತಾಗಿರುತ್ತದೆ, ಐದನೆಯದರಲ್ಲಿ ನಾಲಿಗೆಗೆ ಕೆಲಸವೇ ಇಲ್ಲ, ತುಟಿ ಮುಚ್ಚಿರುತ್ತದೆ. ಬರೆಯುವುದು ಒಂದೇ ಸೊನ್ನೆ, ಹೇಳುವುದು ಐದು ಬಗೆ. ಬರಹ ಬೇರೆ, ಭಾಷೆ ಬೇರೆ ಎಂಬ ಮೊದಲ ಪಾಠ ಇಲ್ಲೇ ತಲೆಗೆ ಹೋಗುತ್ತದೆ. ಮುಂದೆ ಇದನ್ನು ಕಣ್ಣಿನಲ್ಲೂ ನೋಡಬಹುದು: ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪೌಲ್ ಬೋರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ ‘ಪ್ರಾಟ್’ ಎಂಬ ತಂತ್ರಾಂಶ ಧ್ವನಿಯನ್ನು ಚಿತ್ರವಾಗಿ ಬಿಡಿಸಿ ತೋರಿಸುತ್ತದೆ. ದುಡ್ಡು ಕೊಡಬೇಕಿಲ್ಲ, ಸಾಧಾರಣ ಲ್ಯಾಪ್‌ಟಾಪ್ ಸಾಕು.

ಧ್ವನಿಯ ಪಾಠದ ಪಕ್ಕದಲ್ಲೇ ಧ್ವನಿ ಬದಲಾವಣೆಯ ಪಾಠವಿದೆ. ಹಳೆ ಮೈಸೂರಿನ ಹಳ್ಳಿಗಳಲ್ಲಿ ‘ಹಾಲು’ ಅನ್ನುವ ಕಡೆ ‘ಆಲು’ ಎನ್ನುವವರಿದ್ದಾರೆ. ಸಿನಿಮಾದ ಹಾಸ್ಯಕ್ಕೂ ಕಾಲೇಜಿನ ಚುಡಾಯಿಸುವಿಕೆಗೂ ಅದು ಬಳಕೆಯಾಗಿ ಬಿಟ್ಟಿದೆ. ಆದರೆ ಹಾಲು ಮೊದಲಿಗೆ ಹಾಲೇ ಆಗಿರಲಿಲ್ಲ. ಪಂಪನ ಕಾಲದಲ್ಲಿ ಅದು ಪಾಲ್. ತಮಿಳಿನಲ್ಲಿ ಈಗಲೂ ಪಾಲ್, ತೆಲುಗಿನಲ್ಲಿ ಪಾಲು, ತುಳುವಿನಲ್ಲಿ ಪೇರ್. ಸುಮಾರು ಹತ್ತನೆಯ ಶತಮಾನದಿಂದ ಕನ್ನಡದಲ್ಲಿ ಪದದ ಮೊದಲಿನ ಪಕಾರ ಹಕಾರವಾಗುತ್ತಾ ಬಂತು: ಪೋಗು ಹೋಗು ಆಯಿತು, ಪೂ ಹೂ ಆಯಿತು. ಪ ಸಡಿಲಗೊಂಡು ಹ, ಹ ಸಡಿಲಗೊಂಡು ಇಲ್ಲವೇ ಇಲ್ಲ. ‘ಆಲು’ ಅನ್ನುವವರು ತಪ್ಪು ದಾರಿಯಲ್ಲಿಲ್ಲ, ಅದೇ ದಾರಿಯಲ್ಲಿ ಒಂದು ಹೆಜ್ಜೆ ಮುಂದಿದ್ದಾರೆ. ಅವರನ್ನು ನೋಡಿ ನಗುವವರು ಪಂಪನ ಕಿವಿಗೆ ಹೇಗೆ ಕೇಳಿಸುತ್ತಿದ್ದರು ಎಂಬುದನ್ನೂ ಯೋಚಿಸಬಹುದು.

ಸರಿ ತಪ್ಪಿನ ಈ ಚಟ ಶಾಲೆಯಲ್ಲೇ ಅಂಟುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದ ಯಾರನ್ನಾದರೂ ವಿಭಕ್ತಿ ಪ್ರತ್ಯಯ ಹೇಳಿ ಎಂದರೆ ನಿದ್ದೆಗಣ್ಣಲ್ಲೂ ಒಪ್ಪಿಸುತ್ತಾರೆ: ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಆ ಐದನೆಯ ‘ದೆಸೆಯಿಂದ’ವನ್ನು ಪಠ್ಯಪುಸ್ತಕದ ಹೊರಗೆ ಮರದಿಂದ ಹಣ್ಣು ಬಿದ್ದಾಗ ಯಾರಾದರೂ ಬಳಸಿದ್ದಾರೆಯೇ? ಚಾಕುವಿನಿಂದ ಕೊಯ್ದರೂ ‘ಇಂದ’, ಮರದಿಂದ ಬಿದ್ದರೂ ‘ಇಂದ’. ಸಂಸ್ಕೃತದಲ್ಲಿ ಏಳು ವಿಭಕ್ತಿಗಳಿವೆ, ಆದ್ದರಿಂದ ಕನ್ನಡದಲ್ಲೂ ಏಳು ತುಂಬಬೇಕು ಎಂದು ಹೊರಟಾಗ ‘ದೆಸೆಯಿಂದ’ ಬಂದು ಕೂತಿತು.

ಇದನ್ನು ಜೋರಾಗಿ ಹೇಳಿದವರು ಡಿ.ಎನ್. ಶಂಕರ ಭಟ್ (1935–2023). ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ತರಬೇತಾಗಿ, ಕೊರಗ, ತುಳು, ಹವ್ಯಕಗಳಿಂದ ಹಿಡಿದು ಈಶಾನ್ಯದ ಬೋಡೊ, ತಾಂಗ್‌ಖುಲ್ ನಾಗಾದವರೆಗೆ ಕೆಲಸ ಮಾಡಿ, ಸರ್ವನಾಮಗಳ ಬಗ್ಗೆ ಆಕ್ಸ್‌ಫರ್ಡ್ ಪ್ರಕಟಿಸಿದ ಪುಸ್ತಕ ಬರೆದವರು. ಕನ್ನಡಕ್ಕೆ ಅದರದ್ದೇ ವ್ಯಾಕರಣ ಬೇಕು ಎಂಬ ಅವರ ವಾದವನ್ನು ಹಲವರು ಒಪ್ಪಿದರು. ಬರಹದಿಂದ ಮಹಾಪ್ರಾಣಗಳನ್ನೂ ಷಕಾರವನ್ನೂ ಬಿಡಬೇಕು ಎಂಬ ಇನ್ನೊಂದು ವಾದಕ್ಕೆ ಜಗಳವೇ ಆಯಿತು. ಎರಡೂ ಬೇರೆ ಬೇರೆ ಪ್ರಶ್ನೆಗಳು: ಮೊದಲನೆಯದು ಕನ್ನಡ ಹೇಗಿದೆ ಎಂಬುದಕ್ಕೆ ಸೇರಿದ್ದು, ಎರಡನೆಯದು ಅದನ್ನು ಹೇಗೆ ಬರೆಯಬೇಕು ಎಂಬುದಕ್ಕೆ. ಪತ್ರಿಕೆಗಳ ಚರ್ಚೆಯಲ್ಲಿ ಇವೆರಡೂ ಕಲಸಿಹೋದವು. ಭಾಷಾವಿಜ್ಞಾನದ ಒಂದು ವರ್ಷದ ಪಾಠ ಕೇಳಿದ ಓದುಗರು ಹೆಚ್ಚಿದ್ದಿದ್ದರೆ ಆ ಜಗಳ ಇನ್ನಷ್ಟು ಚೆನ್ನಾಗಿ ನಡೆಯುತ್ತಿತ್ತು.

ಹಾಗೆಂದು ಹಳಬರನ್ನು ಬದಿಗೆ ತಳ್ಳುವಂತಿಲ್ಲ. ಪಾಣಿನಿ ಸುಮಾರು 4000 ಸೂತ್ರಗಳಲ್ಲಿ ಸಂಸ್ಕೃತವನ್ನು ಕಟ್ಟಿಟ್ಟ ರೀತಿ ಇಂದಿನ ವ್ಯಾಕರಣ ಸಿದ್ಧಾಂತಗಳಿಗೂ ಮಾದರಿ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ, 1604ರ ಭಟ್ಟಾಕಳಂಕನ ಶಬ್ದಾನುಶಾಸನ ಇಲ್ಲದೆ ಹಳಗನ್ನಡದ ಪಾಠವೇ ನಡೆಯದು.

ಎರಡನೆಯ ವರ್ಷಕ್ಕೆ ವಾಕ್ಯವಿಚಾರ ಬರುತ್ತದೆ, ಹಲವರಿಗೆ ಕಬ್ಬಿಣದ ಕಡಲೆ ಅದೇ. 1957ರಲ್ಲಿ ನೋಮ್ ಚಾಮ್‌ಸ್ಕಿಯ ಪುಟ್ಟ ಪುಸ್ತಕವೊಂದು ಬಂದ ಮೇಲೆ ಈ ಭಾಗ ಗಣಿತದ ಕಡೆ ವಾಲಿತು. ಆದರೆ ಇಲ್ಲಿನ ಪ್ರಶ್ನೆಗಳು ಗಣಿತ ಬಾರದವರಿಗೂ ಅರ್ಥವಾಗುವಂಥವು. ‘ರವಿಯ ಅಪ್ಪ ತನ್ನ ಸ್ಕೂಟರ್ ಮಾರಿದ’ ಎಂದರೆ ಸ್ಕೂಟರ್ ಯಾರದು? ಅಪ್ಪನದು. ‘ರವಿಯ ಅಪ್ಪ ಅವನ ಸ್ಕೂಟರ್ ಮಾರಿದ’ ಎಂದರೆ? ಈಗ ಅದು ರವಿಯದ್ದೂ ಇರಬಹುದು. ‘ತನ್ನ’ ಎಂಬುದು ರವಿಯನ್ನು ದಾಟಿ ಅಪ್ಪನನ್ನೇ ಹಿಡಿದುಕೊಳ್ಳುವುದೇಕೆ ಎಂದು ವಿವರಿಸಲು ಹೊರಟರೆ ಹಾಳೆಗಳೇ ಬೇಕಾಗುತ್ತವೆ.

ಇನ್ನೊಂದು ಉದಾಹರಣೆ ಮನೆಮನೆಯದು. ‘ಊಟ ಗೀಟ ಆಯ್ತಾ?’ ‘ಮದುವೆ ಗಿದುವೆ ಏನಾದ್ರೂ ಗೊತ್ತಾಯ್ತಾ?’ ಕಾಫಿ ಗೀಫಿ, ಪುಸ್ತಕ ಗಿಸ್ತಕ, ದುಡ್ಡು ಗಿಡ್ಡು. ಪದವನ್ನು ಎರಡನೆಯ ಸಲ ಹೇಳುವಾಗ ಮೊದಲ ಅಕ್ಷರ ಕಳಚಿ ‘ಗಿ’ ಬರುತ್ತದೆ; ಮೂಲದಲ್ಲಿ ದೀರ್ಘವಿದ್ದರೆ ‘ಗೀ’. ಊಟದಲ್ಲಿ ಕಳಚಲು ವ್ಯಂಜನವೇ ಇಲ್ಲ, ಆದರೂ ‘ಗೀ’ ಬಂದು ಕೂರುತ್ತದೆ. ಇದು ಪದಕ್ಕೇ ನಿಲ್ಲುವುದಿಲ್ಲ: ‘ಬಾಗಿಲು ಮುಚ್ಚಿದೆ ಗೀಗಿಲು ಮುಚ್ಚಿದೆ ಅಂತ ಸಬೂಬು ಹೇಳಬೇಡ’ ಎಂದು ರೇಗುವ ಅಮ್ಮ ಇಡೀ ಪದಗುಚ್ಛವನ್ನು ಮರುನುಡಿಯುತ್ತಾಳೆ. ಅಲ್ಲಿ ಬಾಗಿಲಿನ ಮೊದಲಕ್ಷರ ಬದಲಾಯಿತೇ ಹೊರತು ಮುಚ್ಚಿದೆಯದ್ದು ಹಾಗೇ ಉಳಿಯಿತು. ಹಾಗಾದರೆ ಈ ಪ್ರಕ್ರಿಯೆ ಪದರಚನೆಗೆ ಸೇರಿದ್ದೋ ವಾಕ್ಯರಚನೆಗೆ ಸೇರಿದ್ದೋ? ಅಮೆರಿಕದ ಜೆಫ್ರಿ ಲಿಡ್ಜ್ ಎಂಬ ಭಾಷಾವಿಜ್ಞಾನಿ ಕನ್ನಡದ ಈ ಮರುನುಡಿಯನ್ನೇ ಹಿಡಿದು 2001ರಲ್ಲಿ ಪ್ರಬಂಧ ಬರೆದರು. ಪದ ಕಟ್ಟುವ ಬಗೆಯ ಸಿದ್ಧಾಂತವನ್ನು ಪರೀಕ್ಷಿಸಲು ಅವರಿಗೆ ಸಿಕ್ಕ ಸಾಕ್ಷಿ ನಮ್ಮ ಕಾಫಿ ಗೀಫಿ. ಇನ್ನು ‘ಗಿ’ಯಿಂದಲೇ ಶುರುವಾಗುವ ಗಿಳಿ ಬಂದರೆ ಏನು ಮಾಡುವುದು? ಗಿಳಿ ಗಿಳಿ ಎನ್ನಲಾಗದು. ನಿಮ್ಮ ಬೀದಿಯ ಹತ್ತು ಜನರನ್ನು ಕೇಳಿ ಬರೆದುಕೊಂಡರೆ ಮೊದಲ ವರ್ಷದ ಒಂದು ಮನೆಪಾಠ ಮುಗಿದಂತೆ.

ಅದೇ ಲಿಡ್ಜ್, ಗ್ಲೈಟ್‌ಮನ್ ದಂಪತಿ ಹೆನ್ರಿ ಮತ್ತು ಲೀಲಾರ ಜತೆ ಸೇರಿ ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಕುಣಿ ಎಂಬುದು ಕುಣಿಸು ಆಗುವಂತೆ, ಕನ್ನಡದಲ್ಲಿ ‘ಇಸು’ ಸೇರಿದರೆ ಒಬ್ಬರು ಇನ್ನೊಬ್ಬರಿಂದ ಮಾಡಿಸಿದರು ಎಂಬ ಅರ್ಥ ಖಚಿತ. ಆದ್ದರಿಂದ ಕನ್ನಡದ ಮಕ್ಕಳು ಈ ‘ಇಸು’ವನ್ನೇ ಗುರುತು ಹಿಡಿಯಬೇಕಲ್ಲವೇ? ಬೊಂಬೆಗಳನ್ನು ಕೊಟ್ಟು, ವಾಕ್ಯ ಹೇಳಿ, ಆಡಿ ತೋರಿಸಿ ಎಂದಾಗ ಮಕ್ಕಳು ‘ಇಸು’ವಿಗೆ ಕಿವಿಗೊಡಲಿಲ್ಲ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದನ್ನು ನೋಡಿದರು: ಎರಡಿದ್ದರೆ ಒಂದು ಬೊಂಬೆ ಇನ್ನೊಂದರಿಂದ ಮಾಡಿಸಿತು, ಒಂದೇ ಇದ್ದರೆ ಅದು ತಾನೇ ಮಾಡಿತು. ದೊಡ್ಡವರ ಮಾತಿನಲ್ಲಿ ಹೆಚ್ಚು ನಂಬಬಹುದಾದ ಗುರುತನ್ನು ಬಿಟ್ಟು ಮಕ್ಕಳು ಇನ್ನೊಂದನ್ನು ಹಿಡಿದರು ಎಂದರೆ, ಭಾಷೆ ಕಲಿಯುವ ಮಗು ಕೇಳಿದ್ದನ್ನಷ್ಟೇ ಲೆಕ್ಕ ಹಾಕುತ್ತಾ ಕೂರುವುದಿಲ್ಲ, ತಾನೂ ಏನನ್ನೋ ತಂದಿರುತ್ತದೆ ಎಂದು ಅವರು ವಾದಿಸಿದರು. ಭಾಷಾಕಲಿಕೆಯ ದೊಡ್ಡ ಚರ್ಚೆಯಲ್ಲಿ ಕನ್ನಡದ ಅಂಗನವಾಡಿ ವಯಸ್ಸಿನ ಮಕ್ಕಳಿಗೆ ಹೀಗೊಂದು ಜಾಗವಿದೆ, ಕನ್ನಡ ಎಂ.ಎ. ಮುಗಿಸಿದ ಎಷ್ಟು ಮಂದಿಗೆ ಇದನ್ನು ಹೇಳಲಾಗಿದೆ?

ಸಮಾಜದ ಕಡೆಯಿಂದ ಭಾಷೆಯನ್ನು ನೋಡುವ ಪಾಠವೂ ಇದೆ. ಹಲವು ದೇಶಗಳ ಪಠ್ಯಗಳಲ್ಲಿ ಭಾಷಾವಿಜ್ಞಾನಿ ವಿಲಿಯಂ ಲಬೋವ್ ನ್ಯೂಯಾರ್ಕಿನ ಮೂರು ಅಂಗಡಿಗಳಲ್ಲಿ ಮಾಡಿದ ಅಧ್ಯಯನ ಬರುತ್ತದೆ. ನಾಲ್ಕನೆಯ ಮಹಡಿಯಲ್ಲಿರುವ ಸಾಮಾನು ಎಲ್ಲಿದೆ ಎಂದು ಕೇಳಿ, ನೌಕರರು ‘ಫೋರ್ತ್ ಫ್ಲೋರ್’ ಅನ್ನುವಾಗ ರಕಾರ ಉಚ್ಚರಿಸುತ್ತಾರೋ ನುಂಗುತ್ತಾರೋ ಎಂದು ಗುರುತು ಹಾಕಿಕೊಂಡರು. ಅಂಗಡಿ ಸಿರಿವಂತರದ್ದಾದಷ್ಟೂ ರಕಾರ ಹೆಚ್ಚು. ಬೆಂಗಳೂರಿನಲ್ಲಿ ಇದೇ ಉಪಾಯವನ್ನು ‘ಹಾಲು’ ಕೇಳುವ ಮೂಲಕ ಮಾಡಲು ಯಾವ ಅಡ್ಡಿಯೂ ಇಲ್ಲ.

ಕನ್ನಡದ ಪ್ರಸಿದ್ಧ ಪ್ರಕರಣ ಇರುವುದು ಗಡಿಯಾಚೆ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಈ ಊರಿನ ಬಗ್ಗೆ ಬರೆದರು. ಆಗ ಅಲ್ಲಿ ಜೈನರು ಮತ್ತು ಲಿಂಗಾಯತರ ಮನೆಮಾತು ಕನ್ನಡವಾಗಿತ್ತು, ಮುಸ್ಲಿಮರದ್ದು ಉರ್ದು. ಜತೆಗೆ ಮರಾಠಿ ಇತ್ತು, ಒಂದಿಷ್ಟು ತೆಲುಗೂ ಇತ್ತು. ತಲೆಮಾರುಗಳಿಂದ ಒಟ್ಟಿಗಿದ್ದು ಈ ಭಾಷೆಗಳ ವಾಕ್ಯರಚನೆ ಎಷ್ಟು ಹತ್ತಿರ ಬಂದಿತ್ತೆಂದರೆ, ಒಂದರ ವಾಕ್ಯವನ್ನು ಪದಕ್ಕೆ ಪದ ಇಟ್ಟು ಇನ್ನೊಂದಕ್ಕೆ ಬದಲಿಸಬಹುದಿತ್ತು. ಪದಗಳು ಮಾತ್ರ ಬೇರೆ ಉಳಿದವು. ವ್ಯಾಕರಣ ಒಂದಾದರೂ ಶಬ್ದಕೋಶ ಒಂದಾಗಲಿಲ್ಲ, ಏಕೆಂದರೆ ಮನೆಯಲ್ಲಿ ಯಾವ ಮಾತು ಎಂಬುದು ಯಾರು ಯಾವ ಸಮುದಾಯ ಎಂಬುದರ ಗುರುತಾಗಿತ್ತು. ಪ್ರಪಂಚದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಭಾಷಾ ಸಂಪರ್ಕದ ಪಾಠಕ್ಕೆ ಕುಪ್ವಾಡ ಖಾಯಂ ಉದಾಹರಣೆ. ಅಲ್ಲಿಂದ ಕನ್ನಡನಾಡಿನ ಅಥಣಿಗೆ ಬಸ್ಸಿನಲ್ಲಿ ಹೋಗಿಬರಬಹುದು.

ಮನೆಯೊಳಗಿನ ಭಾಷೆಯೂ ಕಡಿಮೆಯದಲ್ಲ. ತುಳು ಮಾತಾಡುವವರಿಗೆ ‘ನಾವು’ ಎರಡು: ಕೇಳುವವರನ್ನೂ ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಳು’. ತಮಿಳು, ತೆಲುಗುಗಳಲ್ಲೂ ಹೀಗೆಯೇ. ಹವ್ಯಕ ಕನ್ನಡದಲ್ಲಿ ‘ನಾವು’ ಬೇರೆ, ‘ಎಂಗೊ’ ಬೇರೆ. ಪುಸ್ತಕದ ಕನ್ನಡ ಮಾತ್ರ ಈ ವ್ಯತ್ಯಾಸ ಕಳೆದುಕೊಂಡಿದೆ. ಉಪಭಾಷೆ ಎಂದರೆ ಶಿಷ್ಟ ಭಾಷೆಯ ಕೆಟ್ಟ ರೂಪ ಎಂದುಕೊಂಡವರಿಗೆ ಈ ಒಂದು ಉದಾಹರಣೆ ಸಾಕು. ನೀಲಗಿರಿಯ ಬಡಗವನ್ನು ಜನಗಣತಿ ಕನ್ನಡದ ಅಡಿಯಲ್ಲೇ ಎಣಿಸುತ್ತದೆ. ಆದರೆ ಭಾಷಾವಿಜ್ಞಾನಿ ಮರ್ರೆ ಎಮೆನೊ 1939ರಷ್ಟು ಹಿಂದೆಯೇ ಅದರ ಸ್ವರಗಳ ಬಗ್ಗೆ ಪ್ರತ್ಯೇಕ ಪ್ರಬಂಧ ಬರೆದರು, ನಾಲಿಗೆ ಮಡಚಿ ಹೇಳುವ ಸ್ವರಗಳು ಅಲ್ಲಿದ್ದವು. ಯಾವುದು ಭಾಷೆ, ಯಾವುದು ಉಪಭಾಷೆ? 2011ರ ಜನಗಣತಿಯಲ್ಲಿ ಜನ ಬರೆಸಿದ ಮಾತೃಭಾಷೆಯ ಹೆಸರುಗಳು 19,569. ಅವನ್ನು ಜರಡಿ ಹಿಡಿದು 1,369 ಮಾಡಿ, ಕೊನೆಗೆ ಹತ್ತು ಸಾವಿರಕ್ಕಿಂತ ಹೆಚ್ಚು ಮಂದಿ ಆಡುವ 121 ಭಾಷೆಗಳೆಂದು ಪಟ್ಟಿ ಮಾಡಿದರು. ಆ ಜರಡಿಯ ಕಣ್ಣುಗಳನ್ನು ಯಾರು, ಹೇಗೆ ನಿರ್ಧರಿಸುತ್ತಾರೆ ಎಂಬುದೂ ಪದವಿ ತರಗತಿಯಲ್ಲಿ ಚರ್ಚೆಯಾಗುವ ವಿಷಯ.

ಕೊನೆಯ ವರ್ಷದಲ್ಲಿ ಹಲವು ಕಡೆ ಕ್ಷೇತ್ರಕಾರ್ಯದ ಪಾಠವಿರುತ್ತದೆ. ತರಗತಿಗೆ ಯಾವುದೋ ಅಪರಿಚಿತ ಭಾಷೆ ಆಡುವ ಒಬ್ಬರನ್ನು ಕರೆಸುತ್ತಾರೆ. ಪುಸ್ತಕವಿಲ್ಲ, ನಿಘಂಟಿಲ್ಲ. ಇದಕ್ಕೇನಂತೀರಿ, ಅದಕ್ಕೇನಂತೀರಿ ಎಂದು ಕೇಳುತ್ತಾ, ಬರೆದುಕೊಳ್ಳುತ್ತಾ, ಆ ಅವಧಿ ಮುಗಿಯುವ ಹೊತ್ತಿಗೆ ಅದರ ಧ್ವನಿಗಳನ್ನೂ ಪ್ರತ್ಯಯಗಳನ್ನೂ ಬಿಡಿಸಿ ಒಂದು ಪುಟ್ಟ ವ್ಯಾಕರಣ ಬರೆಯಬೇಕು. ಡೆಕ್ಕನ್ ಕಾಲೇಜು 1960–70ರ ದಶಕಗಳಲ್ಲಿ ಪ್ರಕಟಿಸಿದ ನಂಜನಗೂಡು, ಗುಲ್ಬರ್ಗ, ಹಾಲಕ್ಕಿ, ಬಾರ್ಕೂರು ಕನ್ನಡಗಳ ಪುಸ್ತಕಗಳು ಇದೇ ವಿಧಾನದ ಫಲ. ನಂಜನಗೂಡಿನದನ್ನು ಬರೆದ ಯು.ಪಿ. ಉಪಾಧ್ಯಾಯರು ಮುಂದೆ ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟನ್ನು ಸಂಪಾದಿಸಿದರು.

ಪದವಿಯ ಹಂತದಲ್ಲೇ ಗಟ್ಟಿ ಕೆಲಸ ಸಾಧ್ಯವೇ ಎಂದು ಅನುಮಾನಿಸುವವರಿಗೆ ಚಾಮ್‌ಸ್ಕಿಯ ಕತೆಯೇ ಉತ್ತರ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಓದು ಬಿಡುವ ಯೋಚನೆಯಲ್ಲಿದ್ದ ಆ ಹುಡುಗನನ್ನು ಜೆಲಿಗ್ ಹ್ಯಾರಿಸ್ ಎಂಬ ಮೇಷ್ಟ್ರ ಪಾಠ ಈ ವಿಷಯಕ್ಕೆ ಎಳೆಯಿತು. 1949ರಲ್ಲಿ ಬಿ.ಎ. ಪ್ರಬಂಧಕ್ಕೆ ಅವರು ಆರಿಸಿಕೊಂಡದ್ದು ಆಧುನಿಕ ಹೀಬ್ರೂವಿನ ಪದಧ್ವನಿ ನಿಯಮಗಳನ್ನು. ಅವರ ತಂದೆಯೇ ಹೀಬ್ರೂ ವಿದ್ವಾಂಸರು. ಮನೆಯಲ್ಲಿ ಕಿವಿಗೆ ಬಿದ್ದ ಭಾಷೆಯಿಂದಲೇ ಶುರು ಮಾಡಿದರು. ಎಂಟು ವರ್ಷದ ಮೇಲೆ, 1957ರಲ್ಲಿ ಬಂದ ಆ ಪುಟ್ಟ ಪುಸ್ತಕದ ಬೇರು ಆ ಬಿ.ಎ. ಪ್ರಬಂಧದಲ್ಲೇ ಇತ್ತು. ನಮ್ಮವರಲ್ಲಿ ಎ.ಕೆ. ರಾಮಾನುಜನ್ ಅವರನ್ನು ಕವಿ, ಅನುವಾದಕ ಎಂದು ಎಲ್ಲರೂ ಬಲ್ಲರು. ಮೈಸೂರಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ, ಬೆಳಗಾವಿಯಲ್ಲಿ ಪಾಠ ಮಾಡಿದ ಅವರಿಗೆ ಭಾಷಾವಿಜ್ಞಾನ ಸಿಕ್ಕಿದ್ದು ಪುಣೆಯಲ್ಲಿ, ಆ ಹೊತ್ತಿಗೆ ವಯಸ್ಸು ಮೂವತ್ತರ ಹತ್ತಿರ. 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯ ಅವರಿಗೆ ಪಿಎಚ್.ಡಿ. ಕೊಟ್ಟದ್ದು ಕನ್ನಡದ ವ್ಯಾಕರಣದ ಮೇಲಿನ ಪ್ರಬಂಧಕ್ಕೆ.

ಭಾರತದಲ್ಲಿ ಈ ವಿಷಯದ ದಾರಿ ಇಂದಿಗೂ ಬಹುಪಾಲು ರಾಮಾನುಜನ್ ನಡೆದ ದಾರಿಯೇ: ಬೇರೇನೋ ಓದಿ, ಎಂ.ಎ.ಗೆ ಬಂದಾಗ ಭಾಷಾವಿಜ್ಞಾನ ಹಿಡಿಯುವುದು. ಕೆಲವು ಅಪವಾದಗಳಿವೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಬನಾರಸ್ ಹಿಂದೂ ವಿಶ್ವವಿದ್ಯಾಲಯಗಳಲ್ಲಿ ಬಿ.ಎ.ಯಲ್ಲೇ ಇದನ್ನು ಓದಬಹುದು. ಹೈದರಾಬಾದ್ ವಿಶ್ವವಿದ್ಯಾಲಯ ಪಿಯುಸಿ ಆದ ಮೇಲೆ ಐದು ವರ್ಷದ ಸಂಯೋಜಿತ ಎಂ.ಎ. ನಡೆಸುತ್ತದೆ. ಅದೇ ಊರಿನ ಐಐಐಟಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಬಿ.ಟೆಕ್. ಜತೆಗೆ ಕಂಪ್ಯೂಟೇಶನಲ್ ಲಿಂಗ್ವಿಸ್ಟಿಕ್ಸ್‌ನ ಎಂ.ಎಸ್. ಸೇರಿಸಿದ ಕೋರ್ಸಿದೆ. ಡೆಕ್ಕನ್ ಕಾಲೇಜು, ಜೆಎನ್‌ಯು, ದೆಹಲಿ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುವುದು ಎಂ.ಎ.ಗೆ.

ಕರ್ನಾಟಕದ ಸ್ಥಿತಿ ವಿಚಿತ್ರ. ದೇಶದ ಭಾಷೆಗಳಿಗೆಂದೇ ಕೇಂದ್ರ ಸರ್ಕಾರ 1969ರಲ್ಲಿ ಕಟ್ಟಿದ ಭಾರತೀಯ ಭಾಷಾ ಸಂಸ್ಥಾನ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. ಅದೇ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರಾಷ್ಟ್ರೀಯ ಅನುವಾದ ಮಿಷನ್ ಕೂಡ ಮೈಸೂರಿನದೇ. ಇಷ್ಟಿದ್ದೂ ಪಿಯುಸಿ ಮುಗಿಸಿದ ಮೈಸೂರಿನ ಹುಡುಗಿ ಭಾಷಾವಿಜ್ಞಾನವನ್ನೇ ಮುಖ್ಯ ವಿಷಯವಾಗಿ ಓದುತ್ತೇನೆಂದರೆ ತನ್ನ ರಾಜ್ಯದಲ್ಲಿ ಕಾಲೇಜು ಹುಡುಕಿ ಸುಸ್ತಾಗಬೇಕು. ಐಚ್ಛಿಕ ಕನ್ನಡ ತೆಗೆದುಕೊಂಡವರಿಗೆ ಒಂದೆರಡು ಪತ್ರಿಕೆಗಳಲ್ಲಿ ಅದರ ಪರಿಚಯವಾಗುತ್ತದೆ. ಆದರೆ ಹಲವೆಡೆ ಅದು ಭಾಷಾ ವರ್ಗಗಳ ಪಟ್ಟಿ, ಧ್ವನ್ಯಂಗಗಳ ಹೆಸರು, ವ್ಯಾಖ್ಯೆಗಳ ಬಾಯಿಪಾಠಕ್ಕೆ ನಿಂತುಬಿಡುತ್ತದೆ. ಕೊಟ್ಟ ದತ್ತಾಂಶದಿಂದ ನಿಯಮ ಕಂಡುಹಿಡಿಯಿರಿ ಎಂಬ ಪ್ರಶ್ನೆ ಬಾರದ ಪರೀಕ್ಷೆಯಲ್ಲಿ ಭಾಷಾವಿಜ್ಞಾನ ಎಂಬ ಹೆಸರಿದ್ದರೂ ವಿಜ್ಞಾನವಿರುವುದಿಲ್ಲ.

ಕೆಲಸದ ಪ್ರಶ್ನೆಗೆ ಬಣ್ಣ ಹಚ್ಚದ ಉತ್ತರ ಕೊಡಬೇಕು. ಬಿ.ಎ. ಭಾಷಾವಿಜ್ಞಾನ ಓದಿದವರಿಗೆಂದೇ ಕಾದಿಟ್ಟ ಹುದ್ದೆಗಳು ನಮ್ಮಲ್ಲಿ ಇಲ್ಲವೆಂಬಷ್ಟು ಕಡಿಮೆ. ಪಾಠ ಮಾಡಬೇಕೆಂದರೆ ಎಂ.ಎ., ಎನ್‌ಇಟಿ, ಪಿಎಚ್.ಡಿ.ಯ ಮೆಟ್ಟಿಲು ಹತ್ತಬೇಕು. ತೊದಲು, ಶ್ರವಣದೋಷಗಳ ಚಿಕಿತ್ಸೆಗೆ ವಾಕ್ ಶ್ರವಣದ ಪ್ರತ್ಯೇಕ ಪದವಿಯೇ ಬೇಕು; ಆ ಪದವಿಯಲ್ಲಿ ಭಾಷಾವಿಜ್ಞಾನವೂ ಒಂದು ವಿಷಯ. ಈಚೆಗೆ ಬೇಡಿಕೆ ಬಂದಿರುವುದು ಯಂತ್ರಕ್ಕೆ ಭಾಷೆ ಕಲಿಸುವ ಕಡೆಯಿಂದ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ, ಐಐಟಿ ಮದ್ರಾಸಿನ ಎಐಫೋರ್‌ಭಾರತ್, ಬೆಂಗಳೂರಿನ ಕಂಪನಿಗಳು ಕನ್ನಡದ ಪಠ್ಯ, ಧ್ವನಿಗಳನ್ನು ಒಟ್ಟುಮಾಡುತ್ತಿವೆ. ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಪದ ಎದುರಾದಾಗ ಯಂತ್ರ ಅದನ್ನು ಎಲ್ಲಿ ಒಡೆಯಬೇಕು? ಹೋಗು, ಬೇಕು, ಆಗು, ಇತ್ತು, ಅಂತೆ. ಕೊನೆಯ ‘ಅಂತೆ’ಯನ್ನು ಕಳೆದುಕೊಂಡರೆ ಯಾರೋ ಹೇಳಿದ ಸುದ್ದಿ ಕಣ್ಣಾರೆ ಕಂಡ ಸಂಗತಿಯಾಗಿಬಿಡುತ್ತದೆ. ಸಂಧಿ ಬಿಡಿಸಬಲ್ಲ, ಅಂತೆ–ಏನೋ–ಅಲ್ಲಗಳ ಅರ್ಥ ತೂಗಬಲ್ಲ ಜನ ಇಲ್ಲಿ ಬೇಕು. ಆದರೆ ಈ ಕೆಲಸಗಳಲ್ಲಿ ಹಲವು ಗುತ್ತಿಗೆಯವು, ಯೋಜನೆ ಮುಗಿದರೆ ಅವೂ ಮುಗಿಯುತ್ತವೆ. ಜತೆಗೆ ಸ್ವಲ್ಪ ಪ್ರೋಗ್ರಾಮಿಂಗ್, ಸ್ವಲ್ಪ ಸಂಖ್ಯಾಶಾಸ್ತ್ರ ಕಲಿತವರಿಗೆ ಕೈ ಗಟ್ಟಿ. ಸೇರುವ ಮುನ್ನ ಮನೆಯವರಿಗೂ ಇದನ್ನು ಹೇಳಿಬಿಡುವುದು ಒಳ್ಳೆಯದು.

ಕನ್ನಡ ವಿಭಾಗವಿರುವ ಯಾವುದೇ ಸರ್ಕಾರಿ ಕಾಲೇಜು ಈ ಪದವಿಯನ್ನು ಆರಂಭಿಸಲು ದೊಡ್ಡ ಖರ್ಚು ಮಾಡಬೇಕಿಲ್ಲ. ಪ್ರಯೋಗಾಲಯಕ್ಕೆ ಕಟ್ಟಡ ಬೇಡ, ರಾಸಾಯನಿಕ ಬೇಡ. ಭಾಷಾ ಸಂಸ್ಥಾನದ ನೆರೆಯಲ್ಲೇ ಇರುವ ಮೈಸೂರು ವಿಶ್ವವಿದ್ಯಾಲಯ ಮೊದಲ ಹೆಜ್ಜೆ ಇಟ್ಟರೆ ಉಳಿದವರಿಗೆ ನೆಪ ಉಳಿಯದು.

ಅಲ್ಲಿಯವರೆಗೆ ಕುತೂಹಲವಿರುವ ಪಿಯುಸಿ ವಿದ್ಯಾರ್ಥಿಗಳು ಕಾಯುತ್ತಾ ಕೂರಬೇಕಿಲ್ಲ. ಶಾಲಾ ಮಕ್ಕಳಿಗಾಗಿ 2003ರಲ್ಲಿ ಬಲ್ಗೇರಿಯಾದಲ್ಲಿ ಶುರುವಾದ ಅಂತರರಾಷ್ಟ್ರೀಯ ಭಾಷಾವಿಜ್ಞಾನ ಒಲಿಂಪಿಯಾಡ್ 2016ರಲ್ಲಿ ಮೈಸೂರಿನಲ್ಲೇ ನಡೆಯಿತು. ವೈಯಕ್ತಿಕ ಸುತ್ತಿನಲ್ಲಿ ಆರು ಗಂಟೆ, ಐದು ಸಮಸ್ಯೆಗಳು; ಹೆಸರೂ ಕೇಳದ ಭಾಷೆಯ ಕೆಲವು ವಾಕ್ಯ, ಅವುಗಳ ಅರ್ಥ ಕೊಟ್ಟು, ಹೊಸ ವಾಕ್ಯ ಕಟ್ಟಿ ಎನ್ನುತ್ತಾರೆ. ಮೊದಲೇ ಏನನ್ನೂ ಓದಿಕೊಂಡಿರಬೇಕಿಲ್ಲ. ಭಾರತ ತಂಡದ ಆಯ್ಕೆ ಪಾಣಿನಿ ಭಾಷಾವಿಜ್ಞಾನ ಒಲಿಂಪಿಯಾಡ್ ಮೂಲಕ ಆಗುತ್ತದೆ. ಮೊದಲ ವರ್ಷದಿಂದ ಇಲ್ಲಿಯವರೆಗಿನ ಸಮಸ್ಯೆಗಳೂ ಉತ್ತರಗಳೂ ಒಲಿಂಪಿಯಾಡಿನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಒಂದು ಭಾನುವಾರ ಪೆನ್ನು ಹಾಳೆ ಹಿಡಿದು ಅದರಲ್ಲೊಂದನ್ನು ಬಿಡಿಸಲು ಕೂತು ನೋಡಿ. ಹೊತ್ತು ಹೋದದ್ದು ತಿಳಿಯದಿದ್ದರೆ ಈ ವಿಷಯ ನಿಮ್ಮದು. ಅರ್ಧ ಗಂಟೆಗೇ ಬೇಸರ ಬಂದರೆ ಬೇರೆ ಕೋರ್ಸಿಗೆ ಅರ್ಜಿ ಹಾಕಿ.